ಎತ್ತಿಪೋತ, ಚಂದ್ರಂಪಳ್ಳಿ, ಝರಣಿ: ನಮ್ಮ ಕಡೆಯ ನೀರು ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಂಚೋಳಿ ತಾಲ್ಲೂಕು. ಮಳೆಗಾಲ ಶುರುವಾದರೆ ಸಾಕು, ಬೆಂಗಳೂರಿನ ಗೆಳೆಯರಿಂದ ಹಿಡಿದು ಕಲಬುರಗಿಯ ನೆಂಟರವರೆಗೆ ಎಲ್ಲರ ಫೋನೂ ಒಂದೇ ಮಾತಿಗೆ: "ಫಾಲ್ಸಿಗೆ ನೀರ್ ಬಂದಾವೇನ್ರಿ?" ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ, ಒಂದು ಕಡೆ ಬರೆದಿಡೋಣ ಅನ್ನಿಸಿತು.

ಕಲಬುರಗಿ ಅಂದರೆ ಬಿಸಿಲು. ಅಲ್ಲಿ ಜಲಪಾತ ಎಲ್ಲಿಂದ ಬರಬೇಕು?

ಬಿಸಿಲು ಸುಳ್ಳಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನೆಲ ಇದು. ಆದರೆ ಜಿಲ್ಲೆಯ ಈಶಾನ್ಯ ಮೂಲೆ, ಅಂದರೆ ಚಿಂಚೋಳಿಯಿಂದಾಚೆ ಬೀದರ್ ಮತ್ತು ತೆಲಂಗಾಣದ ಗಡಿ ಕೂಡುವ ಜಾಗ, ಬೇರೆಯೇ ಲೋಕ. ಇಲ್ಲಿ ಗುಡ್ಡಗಳಿವೆ, ಗುಡ್ಡಗಳ ನಡುವೆ ಕಣಿವೆಗಳಿವೆ, ಕಣಿವೆ ತುಂಬ ಕಾಡಿದೆ. 2011ರಲ್ಲಿ ಸರ್ಕಾರ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಒಣಭೂಮಿಯ ಕಾಡಿಗೆ ಸಿಕ್ಕ ಈ ಮಾನ್ಯತೆ ದಕ್ಷಿಣ ಭಾರತದಲ್ಲೇ ಮೊದಲನೆಯದೆಂದು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳುತ್ತಾರೆ. ಕಾಡಿನ ನಡುವೆ ನಾಲ್ಕು ಚಿಕ್ಕ ಅಣೆಕಟ್ಟುಗಳು. ಅವುಗಳಲ್ಲಿ ಚಂದ್ರಂಪಳ್ಳಿ ದೊಡ್ಡದು. ಇಲ್ಲಿನ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಎತ್ತಿಪೋತ ಜಲಪಾತದ ನೊರೆ ನೋಡುವಾಗ ಈ ದಾರಿಯನ್ನು ನೆನೆಸಿಕೊಳ್ಳಿ, ಅದು ಬಂಗಾಳ ಕೊಲ್ಲಿಯ ತನಕ ಹೋಗಬೇಕಾದ ನೀರು.

ಇದು ಜ್ವಾಲಾಮುಖಿ ನೆಲ ಅನ್ನುತ್ತಾರೆ. ಹಾಗಾದರೆ ಜ್ವಾಲಾಮುಖಿಯ ಬಾಯಿ ಎಲ್ಲಿದೆ?

ಬಾಯಿ ಹುಡುಕಿಕೊಂಡು ಬಂದವರು ನಿರಾಶರಾಗುತ್ತಾರೆ. ಶಿಖರದ ತುದಿಯಲ್ಲಿ ಬೆಂಕಿ ಉಗುಳುವ ಬೆಟ್ಟ ಇಲ್ಲಿ ಎಂದೂ ಇರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್‌ನ ನೆಲ ಉದ್ದುದ್ದ ಬಿರುಕು ಬಿಟ್ಟು, ಆ ಬಿರುಕುಗಳಿಂದ ಲಾವಾ ಉಕ್ಕಿ ಹರಿಯಿತು. ಒಮ್ಮೆ ಹರಿದು ಆರಿತು. ಅದರ ಮೇಲೆ ಮತ್ತೊಮ್ಮೆ ಹರಿಯಿತು. ಹೀಗೆ ಪದರದ ಮೇಲೆ ಪದರ. ಪಶ್ಚಿಮದಲ್ಲಿ, ಮಹಾರಾಷ್ಟ್ರದ ಘಟ್ಟಗಳ ಕಡೆ, ಈ ಪದರಗಳೆಲ್ಲ ಸೇರಿ ಎರಡು ಕಿ.ಮೀ.ವರೆಗೆ ದಪ್ಪ. ನಮ್ಮ ಕಡೆ ಬರುವ ಹೊತ್ತಿಗೆ ತೆಳುವಾಗಿ, ಕಲಬುರಗಿ ಜಿಲ್ಲೆಯಲ್ಲೇ ಅದರ ಅಂಚು ಮುಗಿಯುತ್ತದೆ. ಸೇಡಂ, ಶಹಾಬಾದ್ ಕಡೆ ಹೋದರೆ ಲಾವಾ ಆರಿ ಆದ ಈ ಕರಿಕಲ್ಲು ಮಾಯವಾಗಿ ಸುಣ್ಣದ ಕಲ್ಲು, ನಮ್ಮ ಮನೆಗಳಿಗೆ ಹಾಸುವ ಫರ್ಶಿ, ಕಾಣಿಸಿಕೊಳ್ಳುತ್ತದೆ. ಲಾವಾ ಹರಿದು ಬಂದು ನಿಂತ ದಡದ ಮೇಲೆ ನಾವು ಬದುಕುತ್ತಿದ್ದೇವೆ.

ಭೂವಿಜ್ಞಾನಿಗಳು ಈ ಕಲ್ಲಿಗೆ 'ದಖನ್ ಟ್ರ್ಯಾಪ್' ಅನ್ನುತ್ತಾರೆ. ಟ್ರ್ಯಾಪ್ ಎಂಬುದು ಸ್ವೀಡನ್ ಭಾಷೆಯ ಮೆಟ್ಟಿಲು ಎಂಬ ಪದದಿಂದ ಬಂದದ್ದು. ಯಾಕೆ ಮೆಟ್ಟಿಲು ಎಂದರು ಅನ್ನುವುದು ನಮ್ಮ ಗುಡ್ಡಗಳ ಪಕ್ಕೆ ನೋಡಿದರೆ ತಿಳಿಯುತ್ತದೆ. ಪ್ರತಿ ಹರಿವಿನ ಮಧ್ಯಭಾಗ ಗಟ್ಟಿ, ಮೇಲ್ಭಾಗ ಗಾಳಿಗುಳ್ಳೆ ತುಂಬಿದ ಮೆದು ಕಲ್ಲು. ಕೆಲವೆಡೆ ಎರಡು ಹರಿವುಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿಯೂ ಇರುತ್ತದೆ. ನೀರು ಮೆದು ಪದರವನ್ನು ತಿಂದುಹಾಕುತ್ತದೆ, ಗಟ್ಟಿ ಪದರ ಚಾಚಿಕೊಂಡು ಉಳಿಯುತ್ತದೆ. ಆ ಚಾಚಿನಿಂದ ಹಳ್ಳ ಕೆಳಗೆ ಬಿದ್ದರೆ ಜಲಪಾತ.

ಇನ್ನೂ ಒಂದು ಮಾತಿದೆ, ಅದನ್ನು ತಿಳಿದರೆ ಇಡೀ ಪ್ರವಾಸ ಬೇರೆ ರೀತಿ ಕಾಣುತ್ತದೆ. ಬೀದರ್ ಮತ್ತು ಚಿಂಚೋಳಿಯ ಗುಡ್ಡಗಳ ನೆತ್ತಿಯ ಮೇಲೆ ಕರಿಕಲ್ಲಲ್ಲ, ಕೆಂಪು ಕಲ್ಲಿದೆ, ಪುಸ್ತಕದ ಹೆಸರು ಜಂಬಿಟ್ಟಿಗೆ. ಅದೇ ಕರಿಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕೊಳೆತು ಆದದ್ದು. ಜೇನುಹುಟ್ಟಿನಂತೆ ತೂತು ತೂತು. ಬಿದ್ದ ಮಳೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಕೆಳಗೆ ಜೇಡಿ ಪದರ, ಅದರಡಿ ಗಟ್ಟಿ ಕರಿಕಲ್ಲು. ನೀರು ಇನ್ನು ಕೆಳಗಿಳಿಯಲಾರದೆ ಅಡ್ಡ ಹರಿದು ಗುಡ್ಡದ ಅಂಚಿನಲ್ಲಿ ಹೊರಬೀಳುತ್ತದೆ. ನಾವು ಬುಗ್ಗಿ, ಝರಿ, ಝೀರಾ ಎಂದು ಕರೆಯುವುದೆಲ್ಲ ಹುಟ್ಟುವುದು ಹೀಗೆ. ಸುತ್ತಲ ಹಳ್ಳಗಳು ಬತ್ತಿದ ಮೇಲೂ ಇವು ಜಿನುಗುತ್ತಿರುವುದಕ್ಕೆ ಕಾರಣ ಆ ಕೆಂಪು ಕಲ್ಲಿನ ಹೊಟ್ಟೆ.

ಮತ್ತೆ ಲಾವಾ ಉಕ್ಕಬಹುದೇ? 2021ರಲ್ಲಿ ಭೂಮಿ ನಡುಗಿತ್ತಲ್ಲ?

ಲಾವಾ ಇಲ್ಲ. ಆ ಬೆಂಕಿ ಆರಿ ಕೋಟಿಗಟ್ಟಲೆ ವರ್ಷಗಳಾದವು. ಆಗ ಭಾರತದ ಭೂಫಲಕ ಇಂದಿನ ರಿಯೂನಿಯನ್ ದ್ವೀಪದ ಹತ್ತಿರವಿದ್ದ ಬಿಸಿ ಚಿಲುಮೆಯ ಮೇಲೆ ಹಾದುಹೋಗುತ್ತಿತ್ತು. ಈಗ ನಾವು ಅಲ್ಲಿಂದ ಸಾವಿರಾರು ಕಿ.ಮೀ. ದೂರ ಸರಿದಿದ್ದೇವೆ.

ನಡುಕದ ಮಾತು ಬೇರೆ. 2021ರ ಅಕ್ಟೋಬರ್‌ನಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲ ಹಳ್ಳಿಗಳಲ್ಲಿ ಭೂಮಿಯೊಳಗಿಂದ ಸಿಡಿಲಿನಂಥ ಸದ್ದು ಬಂದು ಮನೆಗಳು ನಡುಗಿದವು. ಜನ ಎಷ್ಟೋ ರಾತ್ರಿ ಬಯಲಲ್ಲಿ ಮಲಗಿದರು. ಜೋರು ಮಳೆಯ ನೀರು ಕಲ್ಲಿನ ಪೊಳ್ಳುಗಳಿಗೆ ಇಳಿದು ಒತ್ತಡ ಹೆಚ್ಚಿಸಿದ್ದು ಕಾರಣವಿರಬಹುದೆಂದು ತಜ್ಞರು ಹೇಳಿದರು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪದ ನೆನಪು ನಮ್ಮ ಹಿರಿಯರಿಗೆ ಇನ್ನೂ ಹಸಿಯಾಗಿದೆ. ಹಾಗಾಗಿ ಊರವರ ಮುಂದೆ ಈ ವಿಷಯ ತೆಗೆದು ನಗಬೇಡಿ. ಪ್ರವಾಸಕ್ಕೆ ಇದರಿಂದ ಅಡ್ಡಿಯೇನೂ ಇಲ್ಲ.

ಯಾವ ತಿಂಗಳು ಬಂದರೆ ಒಳ್ಳೆಯದು?

ಜುಲೈ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ನನ್ನ ಆಯ್ಕೆ ಸೆಪ್ಟೆಂಬರ್. ಜೂನ್‌ನ ಮೊದಲ ಮಳೆಯನ್ನೆಲ್ಲ ಒಣಗಿದ ನೆಲವೇ ಕುಡಿಯುತ್ತದೆ. ಹಳ್ಳಗಳು ತುಂಬಲು ಶ್ರಾವಣ ಬರಬೇಕು. ಜಲಪಾತಕ್ಕೆ ಡಿಸೆಂಬರ್‌ನಲ್ಲಿ ಬಂದರೆ ಒದ್ದೆ ಕಲ್ಲು ಕಾಣುತ್ತದೆ, ಏಪ್ರಿಲ್‌ನಲ್ಲಿ ಬಂದರೆ ಒಣ ಕಲ್ಲು. ಇಂಟರ್‌ನೆಟ್‌ನಲ್ಲಿರುವ ಫೋಟೊ ನೋಡಿ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಮುಖ ಸಣ್ಣ ಮಾಡಿಕೊಂಡು ಹೋದವರನ್ನು ಕಂಡಿದ್ದೇನೆ. ಮಳೆ ಆದ ಎರಡನೆಯ ಅಥವಾ ಮೂರನೆಯ ದಿನ ಬನ್ನಿ, ನೀರೂ ಇರುತ್ತದೆ, ಕೆಸರಿನ ಬಣ್ಣವೂ ತಿಳಿಯಾಗಿರುತ್ತದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಬಂದರೆ ಜಲಪಾತ ಸಿಗದಿದ್ದರೂ ಎರೆ ಹೊಲ ಸಿಗುತ್ತದೆ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ಪೈರಿನ ನಡುವೆ ಚರಗ ಚೆಲ್ಲಿ, ದಾರಿಹೋಕರನ್ನೂ ಕರೆದು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಡಿಸುತ್ತಾರೆ. ಆ ಎರೆ ಮಣ್ಣೂ ಕರಿಕಲ್ಲಿನ ಮಗುವೇ.

ಬರುವುದು ಹೇಗೆ?

ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿ.ಮೀ., ಬೀದರ್‌ನಿಂದ ಸುಮಾರು 60 ಕಿ.ಮೀ. ಎರಡೂ ಕಡೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಟಿಕೆಟ್ ಉಚಿತ, ಆಧಾರ್ ಕಾರ್ಡು ಮರೆಯಬೇಡಿ. ರೈಲಿನಲ್ಲಿ ಬರುವವರು ತೆಲಂಗಾಣದ ತಾಂಡೂರಿನಲ್ಲಿ ಇಳಿಯಬಹುದು. ಚಿಂಚೋಳಿಯಿಂದ ಮುಂದೆ ಸ್ವಂತ ವಾಹನವೇ ವಾಸಿ. ಹಳ್ಳಿಗಳಿಗೆ ಬಸ್ಸಿದ್ದರೂ ಸಂಜೆ ವಾಪಸಾಗುವ ಬಸ್ಸು ತಪ್ಪಿದರೆ ಕಷ್ಟ. ಕಾಡೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲ್ ಚಿಂಚೋಳಿಯಲ್ಲೇ ತುಂಬಿಸಿ.

ಅನುಮತಿ ಬೇಕೇ?

ವನ್ಯಜೀವಿ ಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಚಿಂಚೋಳಿಯ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಚಂದ್ರಂಪಳ್ಳಿಯಲ್ಲಿ ಇಲಾಖೆಯ ಪ್ರಕೃತಿ ಶಿಬಿರವೂ ಇದೆ, ತಂಗುವುದಾದರೆ ಮುಂಚೆಯೇ ಕಾಯ್ದಿರಿಸಿ. ಕತ್ತಲಾದ ಮೇಲೆ ಶಿಬಿರ ಬಿಟ್ಟು ಕಾಡೊಳಗೆ ಉಳಿಯುವುದು, ಬೆಂಕಿ ಹಾಕುವುದು, ಸೌಂಡ್ ಬಾಕ್ಸ್ ತರುವುದು ಬೇಡವೇ ಬೇಡ.

ನೀರಿಗೆ ಇಳಿಯಬಹುದೇ?

ಈ ಪ್ರಶ್ನೆಗೆ ನಾನು ಉದ್ದ ಉತ್ತರ ಕೊಡುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಒಂದು ವರ್ಷ ಭಾದ್ರಪದದಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಹಳ್ಳದ ಹಾಸುಗಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ. ನೀರು ಮೊಣಕಾಲಿನಷ್ಟು. ಆಕಾಶ ನೀಲಿ. ಆಚೆ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕಪ್ಪ ನಮ್ಮತ್ತ ಕೋಲು ಬೀಸಿ ಕೂಗಿದ: "ಏ ತಮ್ಮಾ, ಏಳ್ರಿ! ಹಳ್ಳ ಬರಾಕತ್ತದ!" ನಮಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಆದರೂ ಆತನ ದನಿಯಲ್ಲಿದ್ದ ಅವಸರಕ್ಕೆ ಎದ್ದೆವು. ದಂಡೆ ಏರಿ ಹಿಂದೆ ತಿರುಗುವಷ್ಟರಲ್ಲಿ ಕಂದು ನೀರು ಕಡ್ಡಿ ಕಸ ಹೊತ್ತುಕೊಂಡು ಬಂದು ನಾವು ಕೂತಿದ್ದ ಕಲ್ಲನ್ನು ಮುಚ್ಚಿತು. ನಮ್ಮ ಬುತ್ತಿ, ಹುಡುಗನ ಚಪ್ಪಲಿ ಎರಡೂ ಹೋದವು. ನೀರಿನ ಬಣ್ಣ ಬದಲಾದದ್ದನ್ನು, ಮೇಲಿನಿಂದ ತರಗೆಲೆ ತೇಲಿ ಬರತೊಡಗಿದ್ದನ್ನು ಆತ ನೋಡಿದ್ದ. ಮಳೆ ಬಿದ್ದದ್ದು ಮೇಲಿನ ಮಡ್ಡಿಯಲ್ಲಿ, ನಮ್ಮ ತಲೆಯ ಮೇಲಲ್ಲ.

ಕರಿಕಲ್ಲಿನ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಓಡುತ್ತದೆ. ಅದಕ್ಕೇ ಇಲ್ಲಿನ ಹಳ್ಳಗಳು ಹೇಳದೆ ಕೇಳದೆ ಬರುತ್ತವೆ. ಜಲಪಾತದ ಕೆಳಗಿನ ಮಡು ಎಷ್ಟು ಆಳ ಎಂದು ಮೇಲಿನಿಂದ ತಿಳಿಯುವುದಿಲ್ಲ, ಬಿದ್ದ ನೀರು ಕಲ್ಲಿನ ಬುಡವನ್ನು ಒಳಗೊಳಗೇ ಕೊರೆದಿರುತ್ತದೆ. ಪಾಚಿ ಹತ್ತಿದ ಹಾಸುಗಲ್ಲಂತೂ ಎಣ್ಣೆ ಸವರಿದ ಹಾಗೆ. ಆದ್ದರಿಂದ ಮಡುವಿಗೆ ಇಳಿಯಬೇಡಿ, ಈಜು ಬಂದರೂ ಇಳಿಯಬೇಡಿ. ನೆತ್ತಿಯ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ನೀರು ಕೆಂಪಾದರೆ, ಕಸ ತೇಲಿ ಬಂದರೆ, ಸದ್ದು ದಪ್ಪವಾದರೆ, ಸಾಮಾನು ಬಿಟ್ಟು ದಂಡೆ ಹತ್ತಿ. ಕುರಿಗಾಹಿಗಳು, ತಾಂಡಾದವರು ಏನಾದರೂ ಹೇಳಿದರೆ ಮೊದಲು ಕೇಳಿ, ಆಮೇಲೆ ಯಾಕೆ ಎಂದು ಪ್ರಶ್ನಿಸಿ.

ಎತ್ತಿಪೋತ ಆಂಧ್ರದಲ್ಲಿದೆ ಎಂದು ಓದಿದ್ದೇನಲ್ಲ?

ಅದು ನಾಗಾರ್ಜುನಸಾಗರದ ಹತ್ತಿರದ ಎತ್ತಿಪೋತಲ, ಬೇರೆ. ನಮ್ಮದು ಚಿಂಚೋಳಿ ತಾಲ್ಲೂಕಿನ ಗಡಿಯಂಚಿನ ಎತ್ತಿಪೋತ. ಎರಡೂ ಹೆಸರು ತೆಲುಗಿನವು, ಎತ್ತಿ ಸುರಿಯುವುದು ಎಂಬ ಅರ್ಥದವು. ಗಡಿ ಸೀಮೆಯಲ್ಲಿ ಹೆಸರುಗಳಿಗೆ ಬೇಲಿ ಇಲ್ಲ. ಇಲ್ಲಿ ಒಂದೇ ಚಹಾದಂಗಡಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ನಾಲ್ಕೂ ಕೇಳುತ್ತವೆ. ಜಿಪಿಎಸ್‌ನಲ್ಲಿ ಹುಡುಕುವಾಗ ಮಾತ್ರ ಚಿಂಚೋಳಿ ಎಂದು ಸೇರಿಸಿ, ಇಲ್ಲದಿದ್ದರೆ ನೂರಾರು ಕಿ.ಮೀ. ದಾರಿ ತಪ್ಪುತ್ತೀರಿ.

ಕಾಡಿನಲ್ಲಿ ಏನು ಕಾಣುತ್ತದೆ?

ಕೃಷ್ಣಮೃಗ, ನರಿ, ತೋಳ, ಕತ್ತೆಕಿರುಬ, ನಾಲ್ಕು ಕೊಂಬಿನ ಹುಲ್ಲೆ ಇವೆ. ಕಂಡರೆ ಅದೃಷ್ಟ. ಹಕ್ಕಿಗಳು ಖಂಡಿತ ಕಾಣುತ್ತವೆ: ಕಾಜಾಣ, ಕರಿತಲೆ ಹೊನ್ನಕ್ಕಿ, ಗೌಜಲ. ತೇಗ, ಶ್ರೀಗಂಧ, ರಕ್ತಚಂದನದ ಮರಗಳೂ ಇವೆ. ಮಳೆಗಾಲದಲ್ಲಿ ಹಾವುಗಳಿರುತ್ತವೆ, ಬೂಟು ಹಾಕಿಕೊಳ್ಳಿ.

ಈ ನೀರಿನ ಬಗ್ಗೆ ಕಥೆಗಳಿವೆಯಂತೆ. ಯಾವುವು?

ಬರೆಯುತ್ತ ಹೋದರೆ ಮುಗಿಯದಷ್ಟು. ನನಗೆ ಬಹಳ ಪ್ರಿಯವಾದುದು ಬೀದರ್‌ನ ಝರಣಿ ನರಸಿಂಹನದು. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಝರಾಸುರನೆಂಬ ಇನ್ನೊಬ್ಬ ರಾಕ್ಷಸನನ್ನು ಎದುರಿಸಿದ. ಆತ ಶಿವಭಕ್ತ. ಸಾಯುವಾಗ ಆತ ಕೇಳಿದ್ದು ತನ್ನ ಪ್ರಾಣವನ್ನಲ್ಲ. ನಾನಿದ್ದ ಈ ಗವಿಯಲ್ಲಿ ನೀನು ನೆಲೆಸು, ಬಂದವರಿಗೆ ವರ ಕೊಡು ಎಂದ. ನರಸಿಂಹ ಒಪ್ಪಿದ. ಝರಾಸುರ ನೀರಾಗಿ ಆತನ ಪಾದದ ಬಳಿ ಹರಿಯತೊಡಗಿದ. ಇಂದಿಗೂ ಗವಿಯ ಕೊನೆಯಲ್ಲಿ ನರಸಿಂಹನ ಜೊತೆಗೆ ಝರಾಸುರ ಪೂಜಿಸಿದ ಶಿವಲಿಂಗವೂ ಇದೆ. ಸೋತವನನ್ನು ಅಳಿಸಿಹಾಕದೆ, ದೇವರ ಪಾದ ತೊಳೆಯುವ ನೀರಾಗಿ ಉಳಿಸಿಕೊಂಡ ಕಥೆ ಇದು. ಆ ನೀರಲ್ಲಿ ನಡೆಯುವಾಗ ನನಗೆ ಪ್ರತಿ ಸಲವೂ ನೆನಪಾಗುವುದು ಆ ರಾಕ್ಷಸನೇ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಗುರುನಾನಕ್ ಝೀರಾ. 16ನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ಬೀದರ್‌ಗೆ ಬಂದಾಗ ಊರವರು ಕುಡಿಯುವ ನೀರಿಗೆ ಪರದಾಡುತ್ತಿದ್ದರಂತೆ. ಬಾವಿ ತೋಡಿದರೆ ಉಪ್ಪು ನೀರು. ಗುರುಗಳು ತಮ್ಮ ಪಾದುಕೆಯಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು. ಆ ಝರಿ ಇಂದೂ ಅಮೃತಕುಂಡಕ್ಕೆ ಹರಿಯುತ್ತದೆ. ಪಾಪನಾಶದ ಶಿವಾಲಯದಲ್ಲೂ ಬುಗ್ಗಿಯ ನೀರಿದೆ. ರಾವಣನನ್ನು ಕೊಂದ ಪಾಪ ಕಳೆಯಲು ರಾಮ ಅಲ್ಲಿ ಲಿಂಗ ಸ್ಥಾಪಿಸಿದನೆಂದು ಹೇಳುತ್ತಾರೆ.

ಮೂರು ಕಥೆಗಳ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ ನೋಡಿ. ಮೂರೂ ಬೀದರ್ ಪ್ರಸ್ಥಭೂಮಿಯ ಕೆಂಪು ಕಲ್ಲು ಕೆಳಗಿಳಿಯುವ ಅಂಚಿನಲ್ಲಿವೆ. ಕಲ್ಲು ಎಲ್ಲಿ ನೀರನ್ನು ಬಿಟ್ಟುಕೊಟ್ಟಿತೋ ಅಲ್ಲಿಗೆ ಜನರ ದೇವರು, ಗುರು, ರಾಕ್ಷಸ ಎಲ್ಲರೂ ಬಂದು ಕೂತಿದ್ದಾರೆ.

ಅದೇ ಇಳಿಜಾರಿನ ಕೆಳಗೆ ಅಷ್ಟೂರು ಇದೆ, ಬಹಮನಿ ಸುಲ್ತಾನರ ಗೋರಿಗಳ ಊರು. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹ್ಮದ್ ಶಾ ವಲಿಯನ್ನು ನಮ್ಮವರು ಅಲ್ಲಮಪ್ರಭು ಎಂದೂ ನಂಬುತ್ತಾರೆ. ಹೋಳಿಯ ನಂತರ ನಡೆಯುವ ಅವರ ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ, ಅವರು ಬಂದು ಶಂಖ ಊದಿದ ಮೇಲೇ ಪೂಜೆ. ಇದನ್ನು ಕಣ್ಣಾರೆ ನೋಡಬೇಕು.

ಚಿಂಚೋಳಿ ಕಾಡಿನ ಕಡೆ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನವಿದೆ, ಕರ್ನಾಟಕ ತೆಲಂಗಾಣ ಎರಡೂ ಕಡೆಯ ಭಕ್ತರು ಬರುತ್ತಾರೆ. ತಾಂಡಾಗಳಲ್ಲಿ ಶ್ರಾವಣದ ಹೊತ್ತಿಗೆ ತೀಜ್ ಹಬ್ಬ. ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ, ದಿನವೂ ಹಾಡುತ್ತ ನೀರೆರೆದು, ಕೊನೆಯ ದಿನ ಹಳ್ಳಕ್ಕೋ ಕೆರೆಗೋ ಒಯ್ದು ಬಿಡುತ್ತಾರೆ. ಕಂಡರೆ ದೂರ ನಿಂತು ಕೇಳಿ. ಫೋಟೊ ತೆಗೆಯುವ ಮುನ್ನ ಹಿರಿಯ ಹೆಂಗಸರನ್ನು "ಯಾಡಿ" ಎಂದು ಕರೆದು ಕೇಳಿಕೊಳ್ಳಿ. ತಾಯಿ ಎಂದು ಅರ್ಥ.

ಝರಣಿ ಗವಿಯೊಳಗೆ ಹೋಗಲು ಭಯವಾಗುತ್ತದೆ. ಹೋಗಬಹುದೇ?

ಸುಮಾರು 300 ಮೀಟರ್ ಉದ್ದದ ಸುರಂಗ. ನೀರು ಸೊಂಟದಿಂದ ಎದೆಯವರೆಗೆ. ತಲೆಯ ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ, ಅವು ಏನೂ ಮಾಡುವುದಿಲ್ಲ. ಉಸಿರಾಟದ ತೊಂದರೆ, ಹೃದಯದ ತೊಂದರೆ ಇರುವವರು, ಇಕ್ಕಟ್ಟಾದ ಜಾಗಕ್ಕೆ ಅಂಜುವವರು ಹೊರಗಿನಿಂದಲೇ ಕೈಮುಗಿಯಿರಿ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವವರಿದ್ದಾರೆ, ಜನಜಂಗುಳಿಯ ದಿನ ಅದು ಬೇಡ. ಕೆಲವೊಮ್ಮೆ ಗವಿಯನ್ನು ಮುಚ್ಚಿರುತ್ತಾರೆ, ಬೀದರ್‌ನಲ್ಲಿ ವಿಚಾರಿಸಿಕೊಂಡೇ ಹೊರಡಿ. ಬದಲಿ ಬಟ್ಟೆ ಇರಲಿ.

ಎರಡು ದಿನವಿದ್ದರೆ ಹೇಗೆ ಹಂಚಿಕೊಳ್ಳಲಿ?

ಮೊದಲ ದಿನ ಬೆಳಿಗ್ಗೆ ಬೇಗ ಚಿಂಚೋಳಿ ಬಿಟ್ಟು ಎತ್ತಿಪೋತ, ಮಧ್ಯಾಹ್ನ ಚಂದ್ರಂಪಳ್ಳಿ. ಎರಡನೆಯ ದಿನ ಬೀದರ್. ಅಲ್ಲಿ ಝರಣಿ, ಝೀರಾ ನೋಡಿದ ಮೇಲೆ ನೌಬಾದ್‌ನ ಕರೇಜ್ ತಪ್ಪಿಸಬೇಡಿ. ಪರ್ಷಿಯಾದ ಜಾಣತನವನ್ನು ಬಹಮನಿಗಳು 15ನೆಯ ಶತಮಾನದಲ್ಲಿ ಇಲ್ಲಿಗೆ ತಂದು, ಕೆಂಪು ಕಲ್ಲಿನೊಳಗೆ ಸುರಂಗ ಕೊರೆದು, ಮೇಲಿನಿಂದ ಬಾವಿಗಳಂಥ ಗಾಳಿಕಿಂಡಿ ತೆಗೆದು, ನೆಲದಡಿಯ ನೀರನ್ನು ಊರಿಗೆ ನಡೆಸಿದರು. ಝರಣಿಯಲ್ಲಿ ಪ್ರಕೃತಿ ಮಾಡಿದ್ದನ್ನೇ ಇವರು ಕೈಯಿಂದ ಮಾಡಿದ್ದಾರೆ. ಆಮೇಲೆ ಕೋಟೆ. ಅದರ ಕಂದಕವನ್ನು ಕೆಂಪು ಕಲ್ಲನ್ನೇ ಕಡಿದು ತೆಗೆದದ್ದು. ರಂಗೀನ್ ಮಹಲಿನಲ್ಲಿ ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡಿದರೆ, ಹಿಂದಿನ ದಿನ ಹಳ್ಳದಲ್ಲಿ ತುಳಿದು ಬಂದ ಕಲ್ಲು ಇದೇನಾ ಅನ್ನಿಸುತ್ತದೆ. ಬಿದ್ರಿ ಸಾಮಾನಿಗೆ ಕಪ್ಪು ಬರಿಸುವುದೂ ಈ ಕೋಟೆಯ ಹಳೆ ಮಣ್ಣಿನಿಂದಲೇ.

ಊಟಕ್ಕೆ ಏನು ಮಾಡುವುದು?

ಜಲಪಾತದ ಬಳಿ ಹೋಟೆಲ್ ಇಲ್ಲ. ಬುತ್ತಿ ಕಟ್ಟಿಕೊಳ್ಳಿ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ರೊಟ್ಟಿ, ಹಿಂಡಿ ಎರಡು ದಿನ ಇಟ್ಟರೂ ಕೆಡುವುದಿಲ್ಲ. ಚಿಂಚೋಳಿಯಲ್ಲಿ ಬೆಳಿಗ್ಗೆ ಸುಸಲಾ ಮಿರ್ಚಿ ಸಿಗುತ್ತದೆ. ಖಾನಾವಳಿಯಲ್ಲಿ ಪುಂಡಿ ಪಲ್ಯ ಇದ್ದರೆ ಕೇಳಿ ಹಾಕಿಸಿಕೊಳ್ಳಿ. ನಮ್ಮ ತೊಗರಿ ಬೇಳೆಯ ಸಾರಂತೂ ಹೇಳುವುದೇ ಬೇಡ, ಎರೆ ಮಣ್ಣಿನ ರುಚಿ ಅದು, 2019ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ.

ಕಲ್ಲಿನೊಳಗೆ ಬಿಳಿ ಹರಳುಗಳು ಹೊಳೆಯುತ್ತವೆ. ಒಂದೆರಡು ತೆಗೆದುಕೊಳ್ಳಬಹುದೇ?

ಬೇಡ. ಲಾವಾ ಆರುವಾಗ ಉಳಿದ ಗಾಳಿಗುಳ್ಳೆಗಳಲ್ಲಿ, ಆಮೇಲೆ ನಿಧಾನವಾಗಿ ನೀರು ತಂದು ತುಂಬಿದ ಹರಳುಗಳು ಅವು. ಧಾಮದ ಒಳಗಿನಿಂದ ಏನನ್ನು ಒಯ್ಯುವುದೂ ಕಾನೂನಿಗೆ ವಿರುದ್ಧ. ಬೆರಳಿನಿಂದ ಸವರಿ ನೋಡಿ, ಬಿಸಿಲಿಗೆ ಹಿಡಿದ ಹಾಗೆ ಫೋಟೊ ತೆಗೆಯಿರಿ. ಒಯ್ಯಲೇಬೇಕೆಂದರೆ ಹಿಂದಿನವರು ಬಿಟ್ಟುಹೋದ ನೀರಿನ ಬಾಟಲಿ, ಚಿಪ್ಸ್ ಚೀಲಗಳಿರುತ್ತವೆ, ಅವನ್ನು ಒಯ್ಯಿರಿ. ಗಾಜಿನ ಬಾಟಲಿ ಒಡೆದುಹಾಕುವವರಿಂದ ಬರಿಗಾಲಲ್ಲಿ ಕುರಿ ಕಾಯುವ ಹುಡುಗರ ಕಾಲು ಸೀಳಿದ್ದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ಯಾದಗಿರಿ ಕಡೆ ಜಲಪಾತವಿಲ್ಲವೇ?

ಇದೆ. ಗುರುಮಠಕಲ್ ತಾಲ್ಲೂಕಿನ ನಜರಾಪುರದ ದಬ್‌ದಬಿ ಮಳೆಗಾಲದಲ್ಲಿ ನೋಡುವಂಥದ್ದು. ಚಿಂತನಹಳ್ಳಿಯ ಗವಿಸಿದ್ಧಲಿಂಗೇಶ್ವರನ ಗವಿಯ ಬಳಿಯೂ ನೀರು ಬೀಳುತ್ತದೆ. ಕಲಬುರಗಿಯಿಂದ ಹೊರಡುವವರಿಗೆ ಅದು ಬೇರೆ ದಿನದ ಪ್ರವಾಸ, ಚಿಂಚೋಳಿಯ ಜೊತೆ ಒಂದೇ ದಿನದಲ್ಲಿ ತುರುಕಬೇಡಿ.

ವಯಸ್ಸಾದ ತಂದೆತಾಯಿಯನ್ನು ಕರೆತರಬಹುದೇ?

ಚಂದ್ರಂಪಳ್ಳಿ ಅಣೆಕಟ್ಟಿನ ದಂಡೆಗೆ ಧಾರಾಳವಾಗಿ ಕರೆತನ್ನಿ, ಗುರುನಾನಕ್ ಝೀರಾಕ್ಕೂ. ಎತ್ತಿಪೋತಕ್ಕೆ ಕಲ್ಲು ಮುಳ್ಳಿನ ದಾರಿ ನಡೆಯಬೇಕಾಗುತ್ತದೆ, ಮೊಣಕಾಲು ನೋವಿದ್ದವರಿಗೆ ಕಷ್ಟ. ನಮ್ಮ ಅವ್ವನಿಗೆ ಈಗ ಕೆಳಗಿಳಿಯಲು ಆಗುವುದಿಲ್ಲ. ದಾರಿಯ ತುದಿಯ ಮರದ ನೆರಳಲ್ಲಿ ಕಂಬಳಿ ಹಾಸಿ ಕೂರಿಸಿ, ಒಂದು ತಂಬಿಗೆಯಲ್ಲಿ ಹಳ್ಳದ ನೀರು ತಂದು ಕೊಡುತ್ತೇನೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು "ಗಂಗವ್ವಾ, ತಣ್ಣಗಿರಲಿ ಎಲ್ಲಾ" ಎಂದು ಮರದ ಬುಡಕ್ಕೆ ಹಾಕುತ್ತಾಳೆ. ಆಮೇಲೆ ಬುತ್ತಿ ಬಿಚ್ಚುತ್ತೇವೆ.